ಅಣ್ಣನ ಕರುಳಿನ ಫಿಲ್ಮು, ವೈನಿಯ ಬೋಗಣಿ

ಹಿತ್ತಾಳೆ ತಾಟಿನ ನಡುವೆ ಕರ್ರಗಿನ ಒಂದು ಉಂಡೆ ಬಿದ್ದಿತ್ತು, ಹುಣಸೆ ಬೀಜದಷ್ಟು ದೊಡ್ಡದು. ಅದಕ್ಕೆ ಎರಡು ಕೂದಲು ಅಂಟಿದ್ದವು. ಅಣ್ಣ ಆಗಷ್ಟೇ ವಾಂತಿ ಮಾಡಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿ ಕೂತಿದ್ದ. ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದ್ದ ಮುದುಕಿ ತಾಟನ್ನು ಅವ್ವನ ಮುಂದೆ ಸರಿಸಿದಳು.

“ನೋಡವ್ವ, ಅರ್ಧ ಬಂತು. ಇನ್ನರ್ಧ ಕರಳಿಗೆ ಅಂಟಿ ಕುಂತೈತಿ.”

“ಯಾರ ಹಾಕ್ಯಾರ?” ಎಂದಳು ಅವ್ವ.

“ಹೆಸರ ನಾ ಹೇಳಂಗಿಲ್ಲ. ಹೊರಗಿನ ಕೈ ಅಲ್ಲ, ಇಷ್ಟ ತಿಳಕೋ. ದಿನಾ ಉಣ್ಣಾಕ ನೀಡೂ ಕೈ.”

ಗಜೇಂದ್ರಗಡದ ಗುಡ್ಡದಾಚೆಯ ಒಂದು ಹಳ್ಳಿಯಲ್ಲಿ, ಹಾಡಹಗಲಿನಲ್ಲಿ, ಹತ್ತು ಜನ ತಮ್ಮ ಪಾಳಿಗೆ ಕಾಯುತ್ತ ಕೂತಿದ್ದ ಕಟ್ಟೆಯ ಮೇಲೆ ನಡೆದದ್ದು ಇದು. ನಮ್ಮ ಕಡೆ ಇದಕ್ಕೆ ಮದ್ದು ತೆಗೆಸುವುದು ಎನ್ನುತ್ತಾರೆ. ಗಂಡನನ್ನೋ ಮಗನನ್ನೋ ತನ್ನ ಕೈವಶ ಮಾಡಿಕೊಳ್ಳಲು ಯಾರೋ ಊಟದಲ್ಲಿ ಏನೋ ಕಲಸಿ ಹಾಕಿರುತ್ತಾರೆ, ಅದು ಕರುಳಿಗೆ ಅಂಟಿಕೊಂಡು ಮನುಷ್ಯ ಸೊರಗುತ್ತಾನೆ ಎಂಬುದು ನಂಬಿಕೆ. ಬಿ.ಎ. ಓದಿದವರು ನಂಬುತ್ತಾರೆ. ನನಗೆ ವಿಜ್ಞಾನ ಕಲಿಸಿದ ಮಾಸ್ತರರೊಬ್ಬರು ತಾವೇ ಎರಡು ಸಲ ತೆಗೆಸಿಕೊಂಡಿದ್ದರು.

“ಅಜ್ಜಿ, ನಿನ್ನ ಎಡಗೈ ಬಿಚ್ಚಿ ತೋರಸು,” ಎಂದೆ ನಾನು. ತಾಟು ಹಿಡಿಯುವ ಮೊದಲು ಅವಳ ಎಡಗೈ ಸೆರಗಿನೊಳಗೆ ಹೋಗಿದ್ದನ್ನು ನೋಡಿದ್ದೆ.

ಮುದುಕಿ ನಕ್ಕಳು. “ಸಾಲಿ ಕಲತ ಹುಡುಗಿ ಏನವ್ವ ಇದು? ನಾಲಿಗಿ ಭಾಳ ಚೂಪ ಐತಿ. ಇಕಿನ್ನ ಕಟಗೊಂಡಾಂವಗ ಮದ್ದ ಬ್ಯಾರೆ ಹಾಕೂದ ಬ್ಯಾಡ.”

ಕಟ್ಟೆಯ ಮೇಲಿದ್ದ ಹತ್ತೂ ಜನ ನಕ್ಕರು. ಅವ್ವ ನನ್ನ ರಟ್ಟೆ ಹಿಡಿದು ಜಗ್ಗಿ ಕೂರಿಸಿದಳು. ಆ ನಗೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದರ ಮೇಲೆ ನನಗಿದ್ದ ಸಿಟ್ಟು ಎಷ್ಟೆಂದರೆ, ಮುದುಕಿ ಅದಕ್ಕೂ ಮೊದಲು ಆಡಿದ ಮಾತಿನ ಅರ್ಥವೇ ನನಗೆ ತಡವಾಗಿ ಹೊಳೆಯಿತು. ದಿನಾ ಉಣ್ಣಲು ನೀಡುವ ಕೈ. ನಮ್ಮ ಮನೆಯಲ್ಲಿ ಆ ಕೈ ಒಂದೇ ಇತ್ತು. ಅದು ವೈನಿಯದು, ಅಣ್ಣನ ಹೆಂಡತಿಯದು.

ನಾವು ರೋಣದವರು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರು. ಅಣ್ಣ, ನಾವೆಲ್ಲ ಚಾಚಾ ಎನ್ನುತ್ತಿದ್ದ ಹಿರಿಯರೊಬ್ಬರ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಟ್ರ್ಯಾಕ್ಟರಿನ ಟ್ರೇಲರು, ಕಿಟಕಿಯ ಸರಳು, ಗೇಟು, ಹೀಗೆ ಏನು ಕೊಟ್ಟರೂ ಬೆಸೆಯುತ್ತಿದ್ದ. ಎರಡು ವರ್ಷದ ಕೆಳಗೆ ಮೆಣಸಗಿಯಿಂದ ವೈನಿಯನ್ನು ತಂದಿದ್ದೆವು. ನಾನು ಗಜೇಂದ್ರಗಡದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ, ಹೋಗಿಬಂದು ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆಲ್ಲುತ್ತಿದ್ದೆ. ನರಗುಂದದಲ್ಲಿ ಗೆದ್ದ ಢಾಲು ನಮ್ಮ ಪಡಸಾಲೆಯ ಗೂಡಿನಲ್ಲಿ ದೇವರ ಫೋಟೋದ ಪಕ್ಕದಲ್ಲೇ ಇತ್ತು. ನನ್ನದೊಂದು ಹತಾರವಿತ್ತು. ಎದುರಾಳಿ ಏನೇ ಹೇಳಲಿ, ಸಮಯ ಮುಗಿಯಿತೆಂದು ಎರಡನೇ ಗಂಟೆ ಬಾರಿಸುವ ಮೊದಲು ನಾನು ಕೈ ಚಾಚಿ “ತೋರಿಸಿ” ಎನ್ನುತ್ತಿದ್ದೆ. ದೆವ್ವವೇ? ತೋರಿಸಿ. ಪುನರ್ಜನ್ಮವೇ? ತೋರಿಸಿ. ಇದೆ ಎಂದವರೇ ತೋರಿಸಬೇಕು. ತೋರಿಸಲಾಗದಿದ್ದರೆ ಇಲ್ಲ. ಸಭೆ ಚಪ್ಪಾಳೆ ತಟ್ಟುತ್ತಿತ್ತು.

ಅಣ್ಣನಿಗೆ ಹೊಟ್ಟೆನೋವು ಶುರುವಾಗಿ ಆಗ ವರ್ಷ ಕಳೆದಿತ್ತು. ಉಂಡು ತಾಸೆರಡು ತಾಸಿಗೆ ಹೊಕ್ಕಳ ಸುತ್ತ ತಿರುಚಿಕೊಂಡು ಬರುತ್ತಿತ್ತು. ಹೊಟ್ಟೆಯೊಳಗೆ ಗುಡುಗುಡು ಸದ್ದು, ಪಕ್ಕದಲ್ಲಿ ಕೂತವರಿಗೂ ಕೇಳುವಂಥದ್ದು. ಆಮೇಲೆ ಬೆವರು, ಒಮ್ಮೊಮ್ಮೆ ಸಣ್ಣ ಜ್ವರ. ಅವನ ಅಂಗಿಯೊಳಗೆ ಇನ್ನೊಬ್ಬ ಹಿಡಿಸುವಷ್ಟು ಜಾಗವಾಗಿತ್ತು. ನಮ್ಮೂರಿನ ದವಾಖಾನೆಯಲ್ಲಿ “ಗ್ಯಾಸ್” ಎಂದರು. ಇನ್ನೊಂದರಲ್ಲಿ “ಟೆನ್ಷನ್, ಗ್ಯಾಸ್” ಎಂದರು. ಗದಗಿನಲ್ಲಿ ಹೊಟ್ಟೆಯ ಮೇಲೆ ಜಿಗುಟು ಹಚ್ಚಿ ಸೋನೋಗ್ರಫಿ ಮಾಡಿದರು, ಬಾಯಿಂದ ನಳಿಕೆ ಇಳಿಸಿ ಜಠರ ನೋಡಿದರು. ಎರಡೂ ಕಾಗದದಲ್ಲಿ ಒಂದೇ ಪದವಿತ್ತು: ನಾರ್ಮಲ್.

ಈಗ ನಾನು ಏನು ಮಾಡಿದೆ ಎಂದು ಹೇಳಬೇಕು. ಮುದುಕಿಯನ್ನು ಬೈಯುವುದು ಸುಲಭ, ಸಾಕಷ್ಟು ಬೈದಿದ್ದೇನೆ. ಆದರೆ ಆ ನಾರ್ಮಲ್ ಕಾಗದವನ್ನು ಮನೆಗೆ ತಂದು ಎತ್ತಿ ಹಿಡಿದು ತೀರ್ಪು ಕೊಟ್ಟವಳು ನಾನು.

“ಮಷೀನಿಗೆ ಏನೂ ಕಂಡಿಲ್ಲ. ಏನೂ ಇಲ್ಲ ಅಂತ ಅರ್ಥ. ಇದೆಲ್ಲಾ ಮನಸಿಂದು. ವೈನಿ ಭಾಳ ಲಾಡ ಮಾಡಿ ಕೆಡಿಸ್ಯಾಳ ಇಂವನ್ನ.”

ಅಂದು ಮಧ್ಯಾಹ್ನ ಅಣ್ಣನ ತಾಟಿಗೆ ನಾನೇ ಎರಡು ಜೋಳದ ರೊಟ್ಟಿ, ಹಸಿ ಹಕ್ಕರಕಿ ಸೊಪ್ಪು, ಶೇಂಗಾ ಚಟ್ನಿ ಹಾಕಿದೆ. ವೈನಿ ಬಾಗಿಲಲ್ಲಿ ನಿಂತು “ತಂಗಿ, ಬ್ಯಾಡ, ಆತಗ ರೊಟ್ಟಿ ತಡಿಯಾಂಗಿಲ್ಲ,” ಎಂದಳು. “ಯಾಕ ತಡಿಯಾಂಗಿಲ್ಲ? ತೋರಸು,” ಎಂದೆ. ಅಣ್ಣ ನನ್ನ ಮುಖ ನೋಡಿ ಸುಮ್ಮನೆ ಉಂಡ. ನಾಲ್ಕು ಗಂಟೆಗೆ ಅಂಗಡಿಯಿಂದ ಅವನನ್ನು ಚಾಚಾ ತಮ್ಮ ಗಾಡಿಯ ಮೇಲೆ ಕೂರಿಸಿಕೊಂಡು ತಂದುಬಿಟ್ಟರು. ಸಂಜೆಯವರೆಗೆ ಅವನು ನೆಲದ ಮೇಲೆ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಬಿದ್ದಿದ್ದ. ನಾನು ಅದನ್ನು ಸೋಲು ಎಂದು ಒಪ್ಪಲಿಲ್ಲ. ಒಂದು ದಿನದ ನೋವು ಪುರಾವೆಯಾಗುವುದಿಲ್ಲ ಎಂದು ನನಗೆ ನಾನೇ ವಾದಿಸಿಕೊಂಡೆ.

ಅವ್ವ ಮಗನನ್ನು ನೋಡುತ್ತಿದ್ದಳು. ಅವನು ಕರಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಡಾಕ್ಟರು ಏನೂ ಇಲ್ಲ ಎಂದರು, ಕಲಿತ ಮಗಳು ಏನೂ ಇಲ್ಲ ಎಂದಳು. ಏನೋ ಇದೆ ಎಂದವಳು ಗುಡ್ಡದಾಚೆಯ ಆ ಮುದುಕಿ ಒಬ್ಬಳೇ. ನಾನು ಖಾಲಿ ಮಾಡಿ ಇಟ್ಟ ಜಾಗಕ್ಕೇ ಮದ್ದು ಬಂದು ಕೂತಿತು.

ಗುಡ್ಡದಾಚೆಯಿಂದ ಮರಳಿದ ಮೂರನೇ ದಿನ ಪಡಸಾಲೆಯಲ್ಲಿ ಹಿರಿಯರು ಸೇರಿದರು. ಅವ್ವನ ಕಡೆಯ ಇಬ್ಬರು ಸೋದರಮಾವಂದಿರು, ಅವ್ವ, ಅಣ್ಣ. ವೈನಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಅವಳ ಪರ. ಹಾಗೆಂದೇ ನಾನು ಅಂದುಕೊಂಡಿದ್ದೆ. ಎದ್ದು ನಿಂತು ಮದ್ದು ಎಂಬುದು ಏಕೆ ಸಾಧ್ಯವಿಲ್ಲ ಎಂದು ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ದೊಡ್ಡ ಮಾವ ಕೊನೆಗೆ ಎಲೆ ಅಡಿಕೆ ಉಗಿದು ಬಂದು ಒಂದೇ ಪ್ರಶ್ನೆ ಕೇಳಿದರು.

“ಎಲ್ಲಾ ಖರೇ ಅನ್ನವಾ. ಆದ್ರ ಮನ್ಯಾಗ ನಾಕ ಮಂದಿಗೆ ಒಂದ ಒಲಿ ಇರೂವಾಗ, ಗಂಡಗ ಅಂತ ಬ್ಯಾರೆ ಸಣ್ಣ ಬೋಗಣಿ ಯಾಕ? ಅದಕ್ಕ ಯಾವಾಗಲೂ ಮುಚ್ಚಳ ಯಾಕ?”

ಅದು ನಿಜವಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ, ಒಂದು ಸಣ್ಣ ಬೋಗಣಿ ಇರುತ್ತಿತ್ತು. ಅದರಿಂದ ವೈನಿ ಅಣ್ಣನಿಗೆ ಮಾತ್ರ ನೀಡುತ್ತಿದ್ದಳು, ಅದೂ ನಾವು ಯಾರೂ ಇಲ್ಲದಾಗ.

ನಾನು ಆಕೆಯ ಕಡೆ ತಿರುಗಿದೆ. ಎದುರಾಳಿಯ ಬಾಣವನ್ನು ಅಲ್ಲೇ ಮುರಿದುಹಾಕುವ ಹುಮ್ಮಸ್ಸು.

“ಹೇಳು ವೈನಿ, ಏನೈತಿ ಅದರಾಗ? ಹೇಳಿಬಿಟ್ರ ಮುಗದಹೋತು.”

ವೈನಿ ಅಣ್ಣನನ್ನು ನೋಡಿದಳು. ಅಣ್ಣ ನೆಲ ನೋಡಿದ.

“ಅನ್ನ,” ಎಂದಳು.

“ಅನ್ನ ಆದ್ರ ಮುಚ್ಚಿ ಯಾಕ ಇಡತಿ?”

ಆ ಪ್ರಶ್ನೆ ಕೇಳಿದ್ದು ಮಾವ ಅಲ್ಲ, ಅವ್ವ ಅಲ್ಲ. ನಾನು. ವೈನಿ ಮತ್ತೆ ಅಣ್ಣನನ್ನು ನೋಡಿದಳು. ಅವನು ಬಾಯಿ ಬಿಡಲಿಲ್ಲ. ಆಮೇಲೆ ಅವಳು ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿ, ಆ ಬೋಗಣಿಯನ್ನೂ ತೊಳೆದು ಗಂಟಿನೊಳಗೆ ಇಟ್ಟುಕೊಂಡು ಹೊರಬಂದಳು. ಅಂದೇ ಸಣ್ಣ ಮಾವ ಅವಳನ್ನು ತವರಿಗೆ, ಮೆಣಸಗಿಗೆ ಬಿಟ್ಟುಬಂದರು. ಮಗ ಚೇತರಿಸಿಕೊಂಡರೆ ಅವಳ ಕೈಯದೇ ಕಾರಣ ಎಂದು ಗೊತ್ತಾಗುತ್ತದೆ, ಆಗ ಸೋಡಚೀಟಿ ಬರೆಸಿದರಾಯಿತು ಎಂದು ಮಾತಾಯಿತು. ಸೋಡಚೀಟಿ ಎಂದರೆ ಹೆಂಡತಿಯನ್ನು ಬಿಟ್ಟೆ ಎಂದು ಬರೆದುಕೊಡುವ ಕಾಗದ. ಮನೆಯಲ್ಲಿ ಬೇರೆ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನನಗೆ ಕಂಡಿತು, ಆದರೆ ನನ್ನ ಸಿಟ್ಟೆಲ್ಲ ಮದ್ದಿನ ಮೇಲಿತ್ತು. ಒಂದು ಹೆಣ್ಣು ಗಂಟು ಹಿಡಿದು ಮೆಟ್ಟಿಲಿಳಿದದ್ದು ನನಗೆ ಒಂದು ಕೆಟ್ಟ ವಾದಕ್ಕೆ ಸಿಕ್ಕ ಗೆಲುವಾಗಿ ಮಾತ್ರ ತೋರಿತು.

ಅವಳು ಹೋದ ಮೇಲೆ ಅಣ್ಣ ಎಲ್ಲರಂತೆ ರೊಟ್ಟಿ ಉಂಡ. ಚೇತರಿಸಿಕೊಳ್ಳಲಿಲ್ಲ. ಒಂದೂವರೆ ತಿಂಗಳಲ್ಲಿ ನಡೆಯುವಾಗ ಗೋಡೆ ಹಿಡಿಯುವಂತಾದ. “ಉಳದರ್ಧ ಮದ್ದ ಕೆಲಸಾ ಮಾಡಾಕತ್ತೈತಿ,” ಎಂದಳು ಅವ್ವ. ನೋಡಿ, ಈ ನಂಬಿಕೆಯ ಚೆಂದವೇ ಇದು. ಗುಣವಾದರೆ ಅವಳು ಹೋದದ್ದಕ್ಕೆ, ಆಗದಿದ್ದರೆ ಅವಳು ಇದ್ದದ್ದಕ್ಕೆ. ಸೋಲಲು ಬಾಗಿಲೇ ಇಲ್ಲದ ಮನೆ.

ಹುಬ್ಬಳ್ಳಿಗೆ ಹೊರಡಿಸಿದವರು ಚಾಚಾ. ಅಂಗಡಿ ಮುಚ್ಚಿ ಮನೆಗೇ ಬಂದರು.

“ಬೇಟಿ, ನೀ ಮೈಕ್ ಮುಂದ ಗೆಲ್ಲಾಕತ್ತಿ, ನಿಮ್ಮ ಅಣ್ಣ ಇಲ್ಲಿ ಸೋಲಾಕತ್ಯಾನ. ಬಾಯಿ ಬಂದ್ ಮಾಡ್ರಿ ಎಲ್ಲಾರೂ. ನಾಳೆ ಮುಂಜಾನಿ ಗಾಡಿ ಹತ್ರಿ.”

ಹತ್ತಿದೆವು. ಅಣ್ಣ, ಅವ್ವ, ನಾನು.

ಹೊಟ್ಟೆಯ ಡಾಕ್ಟರು ಅಣ್ಣನ ಹೊಟ್ಟೆ ಮುಟ್ಟಿ, ಕಿವಿಗೆ ನಳಿಕೆ ಹಚ್ಚಿ ಕೇಳಿ, ಎಂ.ಆರ್.ಐ. ಮಾಡಿಸಿ ಎಂದು ಬರೆದರು. ತಲೆಗೆ, ಬೆನ್ನಿಗೆ ಎಂ.ಆರ್.ಐ. ಎಂದು ಕೇಳಿದ್ದೆ. ಕರುಳಿಗೆ? ಚಿತ್ರ ತೆಗೆಯುವ ವಿಭಾಗದಲ್ಲಿ ನಡುವಯಸ್ಸಿನ ಡಾಕ್ಟರಮ್ಮ ಒಬ್ಬರಿದ್ದರು. ನಮ್ಮ ಕಡೆಯದೇ ಮಾತು. ನಾನು ಗದಗಿನ ಕಾಗದಗಳನ್ನು ಮುಂದಿಟ್ಟು, “ಎರಡೂ ನಾರ್ಮಲ್ ಬಂದಾವ್ರಿ, ಮತ್ತ ಇದ್ಯಾಕ?” ಎಂದೆ. ದನಿಯಲ್ಲಿ ಜಗಳವಿತ್ತು.

“ನಾರ್ಮಲ್ ಅಂದ್ರ ಏನೂ ಇಲ್ಲ ಅಂತಲ್ಲವಾ,” ಎಂದರು ಅವರು ಕಾಗದ ತಿರುವುತ್ತ. “ನನಗ ಕಾಣಲಿಲ್ಲ ಅಂತ ಕಾಗದ ಹೇಳತೈತಿ, ಅಷ್ಟ.”

ನನ್ನ ವಾದದ ಸಮಯ ಮುಗಿಯಿತೆಂದು ತಾವು ಗಂಟೆ ಬಾರಿಸಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಮುಂದುವರಿಸಿ ಹೇಳಿದರು. ಬಾಯಿಂದ ಇಳಿಸುವ ನಳಿಕೆ ಜಠರ ದಾಟಿ ಗೇಣು ದೂರ ಹೋಗಿ ನಿಲ್ಲುತ್ತದೆ. ಕೆಳಗಿನಿಂದ ಬಿಡುವ ನಳಿಕೆ ದೊಡ್ಡ ಕರುಳು ದಾಟಿ ನಿಲ್ಲುತ್ತದೆ. ನಡುವಿನ ಮಾರುಗಟ್ಟಲೆ ಸಣ್ಣ ಕರುಳು ಎರಡಕ್ಕೂ ನಿಲುಕದ ಹಾದಿ. ಸೋನೋಗ್ರಫಿ ಸದ್ದಿನಿಂದ ನೋಡುವಂಥದ್ದು, ಕರುಳಿನೊಳಗೆ ಗಾಳಿ ಇದ್ದರೆ ಅದಕ್ಕೆ ಮುಂದೆ ಕಾಣುವುದಿಲ್ಲ. “ಈ ಮಷೀನಿಗೂ ಮೊದಲ ಕರಳ ಸಿಗತಿರಲಿಲ್ಲ. ತಲಿ ಅಲಗಾಡದ ಮಲಗತೈತಿ, ಕರಳ ಒಂದ ಗಳಿಗಿ ಸುಮ್ಮನಿರಂಗಿಲ್ಲ. ಹಟಮಾರಿ ಕೂಸಿನ ಫೋಟೋ ತಗದಂಗ ಎಲ್ಲಾ ಮಸಕಾಗಿ ಬರತಿತ್ತು. ಈಗ ಒಂದ ಉಸರ ಹಿಡಿಯೂದ್ರಾಗ ಚಿತ್ರ ಬರೂವಂಗ ಆಗೇತಿ. ಕರಳಿಗೂ ಒಂದೀಟ ಸುಮ್ಮನಿರು ಅಂತ ಹೇಳಾಕ ಸೂಜಿ ಐತಿ.”

ಮೊದಲು ಅಣ್ಣನ ಕಣ್ಣಿನ ಎಕ್ಸ್‌ರೇ ಆಯಿತು. ಹೊಟ್ಟೆನೋವಿಗೆ ಬಂದವನ ಕಣ್ಣೇಕೆ ಎಂದು ಅವ್ವ ಗಾಬರಿಯಾದಳು. ಗ್ರೈಂಡರ್ ಹಿಡಿಯುವವರ ಕಣ್ಣಿನಲ್ಲಿ ಕಬ್ಬಿಣದ ಚೂರು ಕೂತಿದ್ದರೆ ಆ ದೊಡ್ಡ ಕಾಂತ ಅದನ್ನು ಜಗ್ಗಿ ಕಣ್ಣನ್ನೇ ಕೆಡಿಸುತ್ತದಂತೆ. ಚೂರು ಇರಲಿಲ್ಲ. ಇದ್ದದ್ದು ಸೊಂಟದಲ್ಲಿ. ಬೆಳ್ಳಿಯ ಉಡದಾರ.

“ಲೋಹ ಯಾವುದೂ ಇರಬಾರದು. ಹೊಟ್ಟೆ ಮೇಲೇ ಬರುತ್ತೆ, ಚಿತ್ರ ಕೆಡುತ್ತೆ. ತೆಗೀರಿ,” ಎಂದ ಮಷೀನು ನಡೆಸುವ ಹುಡುಗ.

ಅವ್ವ ಅಣ್ಣನ ಮುಂದೆ ಅಡ್ಡ ನಿಂತಳು. “ಉಡದಾರ ಹರಿಯೂದು ಹೆಣದ್ದು. ಜೀವಂತ ಮಗಂದು ನಾ ತಗಿಸಿಕೊಡಂಗಿಲ್ಲ.”

ನಾನು ಶುರು ಮಾಡಿದೆ. ಕಾಂತ, ಲೋಹ, ಮೂಢನಂಬಿಕೆ, ಎಲ್ಲ. ಅರ್ಧ ತಾಸು. ಹೊರಗೆ ಕಾಯುತ್ತಿದ್ದವರು ಇಣುಕಿ ನೋಡತೊಡಗಿದರು. ಅವ್ವ ಒಂದಿಷ್ಟೂ ಅಲುಗಲಿಲ್ಲ. ಕೊನೆಗೆ ಡಾಕ್ಟರಮ್ಮ ಹೊರಬಂದು ಕೇಳಿದರು, “ಯವ್ವಾ, ನೂಲಿಂದು ನಡೀತೈತೇನು?”

ಅವ್ವ ಒಂದು ಕ್ಷಣ ಯೋಚಿಸಿದಳು. ತನ್ನ ಸೀರೆಯ ಸೆರಗಿನ ಅಂಚಿನಿಂದ ಉದ್ದಕ್ಕೆ ಒಂದು ಎಳೆ ಹರಿದು, ಹೊಸೆದು, ಅಣ್ಣನ ಸೊಂಟಕ್ಕೆ ಕಟ್ಟಿದಳು. ಆಮೇಲೆ ತಾನೇ ಬೆಳ್ಳಿಯದನ್ನು ಬಿಚ್ಚಿ ಕುಬಸದೊಳಗೆ ಇಟ್ಟುಕೊಂಡಳು. ಸೊಂಟ ಒಂದು ಗಳಿಗೆಯೂ ಬರಿದಾಗಲಿಲ್ಲ. ನನ್ನತ್ತ ತಿರುಗಿ, “ಹಿಂಗ ಕೇಳಬೇಕ ನೋಡು,” ಎಂದಳು. ನನಗೆ ಮೈಯೆಲ್ಲ ಉರಿಯಿತು.

ಸಿಹಿ ಕಲಸಿದ ನೀರನ್ನು ಚಂಬುಗಟ್ಟಲೆ ಮುಕ್ಕಾಲು ತಾಸು ಕುಡಿಸಿದರು, ಕರುಳು ಉಬ್ಬಿ ಒಳಗೋಡೆ ಕಾಣಲಿ ಎಂದು. ಅಣ್ಣನನ್ನು ಬೋರಲು ಮಲಗಿಸಿ ಒಳಗೆ ಕಳಿಸಿದರು. ಗಾಜಿನ ಈಚೆಗೆ ನಮಗೆ ಅವನ ಅಂಗಾಲು ಮಾತ್ರ ಕಾಣುತ್ತಿದ್ದವು, ಕಿಡಿ ತುಳಿದು ಕಪ್ಪು ಚುಕ್ಕೆಯಾದ ಅಂಗಾಲು. “ಉಸರ ತಗೋರಿ. ಬಿಡ್ರಿ. ಹಿಡೀರಿ.” ಮಷೀನು ಬಡಿದುಕೊಂಡಿತು. ಮತ್ತೆ “ತಗೋರಿ. ಬಿಡ್ರಿ. ಹಿಡೀರಿ.” ಅವನು ಉಸಿರು ಹಿಡಿದಾಗಲೆಲ್ಲ ಅವ್ವನೂ ಹಿಡಿಯುತ್ತಿದ್ದಳು.

ಮಧ್ಯಾಹ್ನದ ಮೇಲೆ ಡಾಕ್ಟರಮ್ಮ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನಮ್ಮನ್ನು ಕರೆದರು. ಬೂದು ಬಣ್ಣದ ಸುರುಳಿಗಳು. ಬಲಗಡೆ ಕೆಳಗೆ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ, ಗೋಡೆ ಬಾತು ದಪ್ಪವಾಗಿ ಬೆಳ್ಳಗೆ ಹೊಳೆಯುತ್ತಿತ್ತು. ನಡುವಿನ ದಾರಿ ದಾರದಷ್ಟು. ಅದರ ಹಿಂದಿನ ಕರುಳು ಉಬ್ಬಿ ನಿಂತಿತ್ತು. ಒಂದು ವರ್ಷದ ಗ್ಯಾಸು, ಟೆನ್ಷನ್ನು, ನಾನು ಹೇಳಿದ ಲಾಡ ಎಲ್ಲ ಅಲ್ಲಿತ್ತು. ಅಣ್ಣ ಕಣ್ಣು ಕಿರಿದು ಮಾಡಿ ನೋಡಿ, “ಪೈಪಿನ ಜಾಯಿಂಟ್ ಒಳಗ ಕಿಟ್ಟ ಕುಂತಂಗ ಆಗೇತಲ್ರಿ,” ಎಂದ. ಡಾಕ್ಟರಮ್ಮ ತಲೆಯಾಡಿಸಿದರು.

ಆಗ ಅವ್ವ ಬೆರಳು ಚಾಚಿದಳು. ಫಿಲ್ಮಿನ ಮೇಲೆ, ಸರಿಯಾಗಿ ಆ ಬಿಳಿಯ ಮೇಲೆ.

“ನಾ ಹೇಳಿದ್ದಿಲ್ಲೇನು? ಅಲ್ಲೇ ಐತಿ ನೋಡ್ರಿ. ಉಳದರ್ಧ. ಅಂಟಿ ಕುಂತೈತಿ.”

ನಾನು ಕಿರುಚಿದೆ. ಏನು ಕಿರುಚಿದೆನೋ ನೆನಪಿಲ್ಲ. ನನ್ನ ಇಡೀ ಜನ್ಮದ ಪುರಾವೆ ಬೆಳಕಿನ ಪೆಟ್ಟಿಗೆಯ ಮೇಲಿತ್ತು, ಮತ್ತು ಅದನ್ನು ಅವ್ವ ಕಣ್ಣೆದುರಿಗೇ ಎತ್ತಿಕೊಂಡು ಮುದುಕಿಯ ತಾಟಿಗೆ ಹಾಕಿಬಿಟ್ಟಿದ್ದಳು. ಡಾಕ್ಟರಮ್ಮ ಮಾತ್ರ ಸಮಾಧಾನವಾಗಿ ಹೇಳಿದರು.

“ಅಂಟಿದ್ದಲ್ಲವಾ ಅದು. ಕರಳಿನ ಗ್ವಾಡಿನ ಬಾತೈತಿ.”

“ಬಾತದ್ದು ಯಾತರಿಂದ್ರಿ?”

ಡಾಕ್ಟರಮ್ಮ ಅವ್ವನನ್ನು ಮೊದಲ ಸಲ ಗಮನವಿಟ್ಟು ನೋಡಿದರು. “ಅದನ್ನ ಈ ಫಿಲ್ಮ್ ಹೇಳಂಗಿಲ್ಲ. ಎಲ್ಲಿ ಅಂತ ಹೇಳೇತಿ. ಯಾಕ ಅಂತ ಹೇಳಾಕ ಅಲ್ಲಿಂದ ತುಣುಕ ತಗದು ನೋಡಬೇಕು.”

ಅಲ್ಲಿ ಕೇಳಬೇಕಾಗಿದ್ದ ಒಂದೇ ಪ್ರಶ್ನೆಯನ್ನು ಕೇಳಿದವಳು ಅವ್ವ. ಢಾಲು ಗೆದ್ದವಳಿಗೆ ಅದು ಹೊಳೆದಿರಲಿಲ್ಲ.

ಕೆಳಗಿನಿಂದ ನಳಿಕೆ ಬಿಟ್ಟು ತುಣುಕು ತೆಗೆದರು. ಎಂಟು ದಿನ ಬಿಟ್ಟು ಮತ್ತೆ ಹೋದಾಗ ಹೊಟ್ಟೆಯ ಡಾಕ್ಟರು, ಕರುಳಿನ ಕ್ಷಯ ಎಂದರು. ಕ್ಷಯ ಎಂದರೆ ಕೆಮ್ಮು ಎಂದೇ ತಿಳಿದಿದ್ದ ಅವ್ವ, “ಇಂವ ಕೆಮ್ಮೇ ಇಲ್ಲಲ್ರಿ,” ಎಂದಳು. ಕರುಳಿಗೂ ಬರುತ್ತದೆ, ತಿಂಗಳುಗಟ್ಟಲೆ ಗುಳಿಗೆ ತಪ್ಪದೆ ನುಂಗಿದರೆ ಗುಣವಾಗುತ್ತದೆ ಎಂದರು. ನಂತರ ಊಟದ ಪಥ್ಯ ಹೇಳಿದರು.

“ದಾರಿ ಸಣ್ಣದಾಗೇತಿ. ಜ್ವಾಳದ ರೊಟ್ಟಿ ಬಂದ್. ಹಸಿ ಪಲ್ಲೆ, ಶೇಂಗಾ ಬಂದ್. ಅನ್ನ ಮೆತ್ತಗ ಕುದಿಸಿ ಹಿಚುಕಿ, ಬ್ಯಾಳಿ ಕಟ್ಟ ಸೋಸಿ ಹಾಕಿ, ಮಜ್ಜಿಗಿ. ಸ್ವಲ್ಪ ಸ್ವಲ್ಪ, ನಾಕ ಸಲ.”

“ಅದನ್ನ ಉಣತಿದ್ದೆ ನಾ,” ಎಂದ ಅಣ್ಣ.

“ಯಾರ ಹೇಳಿದ್ರು ನಿಮಗ?”

“ನನ್ನ ಹೆಂಡತಿ. ರೊಟ್ಟಿ ಉಂಡ ದಿನ ಬ್ಯಾನಿ, ಅನ್ನ ಉಂಡ ದಿನ ಇಲ್ಲ, ಅಂತ ಅಕಿನ ಕಂಡಹಿಡಿದ್ಲು. ಸಣ್ಣ ಬೋಗಣ್ಯಾಗ ಬ್ಯಾರೆ ಮಾಡತಿದ್ಲು. ಗಂಜಿ ಕುಡಿಯೂ ಗಂಡಸು ಅಂತ ಮಂದಿ ನಗತಾರ, ಯಾರಿಗೂ ಹೇಳಬ್ಯಾಡ ಅಂತ ನಾನ ಆಣಿ ಹಾಕಿದ್ದೆ.”

“ಡಾಕ್ಟರ್ ಅದಾರೇನು ಅವರು?”

“ಸಾಲಿ ಏಳನೇತ್ತ ಕಲತಾಳ್ರಿ.”

“ಅವರು ಹಂಗ ಮಾಡದಿದ್ರ ಕರಳ ಯಾವಾಗೋ ಕಟ್ಟಿ ಆಪರೇಷನ್ ಟೇಬಲ್ ಮ್ಯಾಲೆ ಬರತಿದ್ರಿ,” ಎಂದು ಅವರು ಬರೆಯುತ್ತ ಹೋದರು.

ಅಣ್ಣನ ಕೊರಳು ಹಿಡಿಯಬೇಕೆನಿಸಿತು ನನಗೆ. ಪಡಸಾಲೆಯಲ್ಲಿ ಎರಡು ಸಲ ಅವಳು ಇವನ ಮುಖ ನೋಡಿದ್ದಳು. “ಗಂಜಿ” ಎಂಬ ಎರಡಕ್ಷರ ಹೇಳಿದ್ದರೆ ಮುಗಿಯುತ್ತಿತ್ತು. ಕಿಡಿಗೆ ಹೆದರದ ಗಂಡಸು ನಗೆಗೆ ಹೆದರಿ, ಹೆಂಡತಿ ಮನೆ ಬಿಡುವುದನ್ನು ನೋಡುತ್ತ ಕೂತಿದ್ದ. ಬಸ್ಸಿನಲ್ಲಿ ರೋಣದವರೆಗೂ ಮೂವರೂ ಮೂರು ಕಿಟಕಿಯ ಕಡೆ ನೋಡಿದೆವು.

ಮೆಣಸಗಿಗೆ ನಾನೇ ಹೋದೆ. ಅಣ್ಣನಿಗೆ ಮುಖವಿರಲಿಲ್ಲ. ಅವ್ವ ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ದೊಡ್ಡ ಲಕೋಟೆಯಲ್ಲಿ ಫಿಲ್ಮು ಹಿಡಿದುಕೊಂಡಿದ್ದೆ. ಅವಳ ಓಣಿಯವರನ್ನೆಲ್ಲ ಸೇರಿಸಿ, ಬಿಸಿಲಿಗೆ ಎತ್ತಿ ಹಿಡಿದು, ಇದು ಮದ್ದಲ್ಲ, ಇದು ಕ್ಷಯ, ಇವಳು ನಿರಪರಾಧಿ ಎಂದು ಹೇಳುವುದು ನನ್ನ ಯೋಜನೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಅವಳ ಮನೆಯ ಗೋಡೆಯ ಮೇಲೆ ಹೊಳೆ ಬಂದು ಹೋದ ಕೆಸರಿನ ಗೆರೆ ಇನ್ನೂ ಇತ್ತು. ವೈನಿ ಹೊರಗಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ನೀರು ಕೊಟ್ಟಳು. ನಾನು ಎಲ್ಲ ಹೇಳಿದೆ. ಲಕೋಟೆ ಚಾಚಿದೆ. ಅವಳು ಕೈ ಮುಂದೆ ಮಾಡಲಿಲ್ಲ.

“ಆತಗ ಈಗ ಹ್ಯಾಂಗೈತಿ?”

“ಗುಳಿಗಿ ಚಾಲೂ ಆಗ್ಯಾವ. ವೈನಿ, ನೋಡ ಇದನ್ನ, ಇದರಾಗ ಎಲ್ಲಾ ಸಾಫ್ ಕಾಣತೈತಿ. ನಿಂದು ಏನೂ ತಪ್ಪಿಲ್ಲ.”

“ನಂದು ತಪ್ಪಿಲ್ಲ ಅನ್ನೂದು ನನಗ ಗೊತ್ತಿತ್ತಲ್ಲ ತಂಗಿ. ನಾ ಎದಕ್ಕ ನೋಡಲಿ?” ಮೊರದಿಂದ ಒಂದು ಕಲ್ಲು ತೆಗೆದು ಎಸೆದಳು. “ಒಂದ ಕೇಳತೀನಿ. ಇದರಾಗ ಏನೂ ಕಂಡಿರಲಿಲ್ಲ ಅಂದಿದ್ರ?”

ನಾನು ಚಾಚಿದ ಲಕೋಟೆಯನ್ನು ಹಿಂದಕ್ಕೆ ಎಳೆದುಕೊಂಡೆ.

“ಹೇಳು. ನೀ ಭಾಳ ಮಾತಾಡತಿ. ಈ ಮಷೀನೂ ನಾರ್ಮಲ್ ಅಂದಿದ್ರ, ಇವತ್ತ ನೀ ಇಲ್ಲಿಗೆ ಬರತಿದ್ದೇನು?”

ಸಭೆಯಲ್ಲಿ ಉತ್ತರ ಸಿಗದಾಗ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು ಎಂದು ಕಲಿಸಿದ್ದರು. ತಿರುಗಿಸಲು ಜಾಗವಿರಲಿಲ್ಲ. ನಾನು ಬರುತ್ತಿರಲಿಲ್ಲ. ಅವಳಿಗೂ ಗೊತ್ತಿತ್ತು. ಅವಳ ಮಾತನ್ನು ನಂಬಲು ನನಗೂ ಅವ್ವನಿಗೂ ಬೇರೆ ಯಾರದೋ ಸಾಕ್ಷಿ ಬೇಕಿತ್ತು. ಅವ್ವ ಮುದುಕಿಯನ್ನು ಕೇಳಿದಳು, ನಾನು ಮಷೀನನ್ನು ಕೇಳಿದೆ. ಒಂದು ವರ್ಷ ಅವನ ಊಟ, ಅವನ ನೋವು, ಅವನ ಬೆವರು ನೋಡಿ ಲೆಕ್ಕ ಹಿಡಿದವಳನ್ನು ಯಾರೂ ಕೇಳಲಿಲ್ಲ. ಕೇಳಿದಾಗಲೂ ಮುಚ್ಚಳದ ಬಗ್ಗೆ ಕೇಳಿದೆವು.

ವೈನಿ ಒಳಗೆ ಹೋಗಿ ಆ ಬೋಗಣಿ ತಂದು ನನ್ನ ತೊಡೆಯ ಮೇಲಿಟ್ಟಳು.

“ಒಯ್ಯಿ. ಎರಡ ಹಿಡಿ ಅಕ್ಕಿ, ಐದ ಪಟ್ಟ ನೀರ. ಬ್ಯಾಳಿ ಕಟ್ಟ ಅರಿವ್ಯಾಗ ಸೋಸು. ಸ್ವಲ್ಪ ದಿನ ನಿನ್ನ ಕೈಲೆ ಮಾಡಿ ನೀಡು, ನೋಡೂಣು. ನಾ ಬರೂದು ಬಿಡೂದು ಕರಳಿನ ಫೋಟೋ ಹೇಳೂದಲ್ಲ. ಅವತ್ತ ಸುಮ್ಮ ಕುಂತಾಂವ ಬಂದ ಹೇಳಲಿ.”

ಒಂದು ಕೈಯಲ್ಲಿ ಫಿಲ್ಮು, ತೊಡೆಯ ಮೇಲೆ ಬೋಗಣಿ ಇಟ್ಟುಕೊಂಡು ಬಸ್ಸಿನಲ್ಲಿ ಮರಳಿದೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಎಲ್ಲರ ಮೇಲೂ ಮಾಡಿದೆ. ಕಿಟಕಿ ಮುಚ್ಚದ ಕಂಡಕ್ಟರನ ಮೇಲೂ.

ಮರುದಿನ ಅಕ್ಕಿ ಕುದಿಸಿದೆ. ಒಮ್ಮೆ ಸೀದಿತು, ಮತ್ತೆ ಕುದಿಸಿದೆ. ಬೇಳೆಯ ಕಟ್ಟು ಸೋಸುವಾಗ ಕೈ ಸುಟ್ಟಿತು. ಧೂಳು ಬೀಳದಿರಲಿ ಎಂದು ಬೋಗಣಿಗೆ ಮುಚ್ಚಳ ಹಾಕಿ ಅಣ್ಣನನ್ನು ಕರೆದೆ. ಅವನು ತಾಟಿನ ಮುಂದೆ ಕೂತ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೆಟ್ಟ ಮನಸ್ಸಿನಿಂದಲ್ಲ, ಬರೀ ರೂಢಿಯಿಂದ, ಕುತ್ತಿಗೆ ಚಾಚಿ ಕೇಳಿದಳು:

“ಏನ ಹಾಕಿದಿ ಅದರಾಗ?”

ನಾನು ಸೌಟು ಹಿಡಿದುಕೊಂಡೇ ನಿಂತೆ. ನನ್ನ ಸ್ವಂತ ಅವ್ವ, ನನ್ನನ್ನು, ನನ್ನ ಅಣ್ಣನ ಊಟದ ಬಗ್ಗೆ. ಅವ್ವನಿಗೂ ತನ್ನ ಬಾಯಿಂದ ಏನು ಬಂತೆಂದು ಕೇಳಿಸಿರಬೇಕು. ಕುತ್ತಿಗೆ ಹಿಂದೆ ಹೋಯಿತು.

ಅಣ್ಣ ತಾಟು ಮುಟ್ಟದೆ ಎದ್ದ. ಗೂಟದಿಂದ ಅಂಗಿ ತೆಗೆದು ಹಾಕಿಕೊಂಡ.

“ಮೆಣಸಗಿ ಗಾಡಿ ಎಷ್ಟಕ್ಕೈತಿ?” ಎಂದು ನನ್ನನ್ನು ಕೇಳಿದ.

“ಹನ್ನೊಂದೂವರಿಗೆ. ಫಿಲ್ಮ್ ಒಯ್ಯತಿಯೇನು?”

“ಅದನ್ನ ಕಟಗೊಂಡ ಏನ ಮಾಡಲಿ?” ಎಂದ. “ಗಂಜಿ ಉಣತಿದ್ದೆ ಅಂತ ಊರ ಅಗಸಿ ಬಾಗಲದಾಗ ನಿಂತ ಹೇಳತೀನಿ. ನಗಲಿ.”

ಗೋಡೆ ಹಿಡಿಯುತ್ತ ಮೆಟ್ಟಿಲಿಳಿದು ಹೋದ. ಅವನು ಓಣಿ ತಿರುಗುವವರೆಗೂ ಅವ್ವ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಬೋಗಣಿಯ ಮುಚ್ಚಳ ತೆಗೆದಳು. ಎರಡು ಬೆರಳಲ್ಲಿ ಒಂದಿಷ್ಟು ತೆಗೆದು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದಳು.

“ಉಪ್ಪ ಕಡಿಮಿ ಆಗೇತಿ,” ಎಂದಳು ನನ್ನ ಮುಖ ನೋಡದೆ. “ಅಕಿ ಬಂದ ಮ್ಯಾಲೆ ಎಷ್ಟ ಹಾಕತಿದ್ಲು ಕೇಳಕೋ.”

ಅವ್ವನ ಬಾಯಿಂದ ಬಂದ ತಪ್ಪೊಪ್ಪಿಗೆ ಅಷ್ಟೇ. ನನಗೆ ಅದು ಸಾಲದು ಎಂದು ಕೂಗಬೇಕೆನಿಸಿತು. ಕೂಗಲಿಲ್ಲ, ಏಕೆಂದರೆ ವೈನಿಯ ಮುಂದೆ ನಾನು ಅಷ್ಟನ್ನೂ ಹೇಳಿರಲಿಲ್ಲ.